ನೊರೆ ಕೊಳವೆಯ ಜಾಗ

ದಿಂಡಿಗಲ್ಲಿನ ಪಳನಿ ರಸ್ತೆಯಲ್ಲಿದ್ದ ಪೇಚ್ಚಿಯಮ್ಮಾಳ್ ಮೆಸ್ಸಿನಲ್ಲಿ ಒಮ್ಮೆ ಉಂಡವರು ಅವಳ ಹುರುಳಿ ಸಾರನ್ನು ಮರೆತರೂ ಅವಳ ಬೈಗುಳವನ್ನು ಮರೆಯುತ್ತಿರಲಿಲ್ಲ. ಅರವತ್ತರ ದಶಕದ ನಡುಭಾಗ ಅದು. ಅಕ್ಕಿ ಸಿಗದೆ ದೊಡ್ಡ ದೊಡ್ಡ ಹೋಟೆಲಿನವರೇ ಗೋಧಿ ರವೆ ಬೇಯಿಸಿ ಅನ್ನದ ಜಾಗದಲ್ಲಿ ಬಡಿಸುತ್ತಿದ್ದರು. ಅಂಥ ಕಾಲದಲ್ಲೂ ಇವಳ ಎಲೆಯಲ್ಲಿ ಒಂದು ಹಿಡಿ ಅನ್ನ ಇದ್ದೇ ಇರುತ್ತಿತ್ತು. ಇನ್ನೊಂದು ಹಿಡಿ ಕೇಳಿದವನಿಗೆ, "ನಿನ್ನ ಹೊಟ್ಟೆಯೇನು ವೈಗೈ ಅಣೆಕಟ್ಟೆಯಾ?" ಎಂದು ರೇಗುತ್ತಲೇ ಬಡಿಸುವಳು. ಬಡಿಸದೆ ಮಾತ್ರ ಕಳಿಸಿದವಳಲ್ಲ.

ಅವಳದು ಚಿನ್ನಮನೂರಿನ ಹತ್ತಿರದ ಒಂದು ಹಳ್ಳಿ. ಎಷ್ಟೋ ತಲೆಮಾರಿನ ಹಿಂದೆ ಕನ್ನಡ ನಾಡಿನಿಂದ ಬಂದು ಕಂಬಂ ಕಣಿವೆಯಲ್ಲಿ ಬೇಸಾಯ ಹೂಡಿದ ಒಕ್ಕಲು ಮನೆತನ. ಬೀದಿಗೆ ತಮಿಳು, ಒಲೆಯ ಮುಂದೆ ಕನ್ನಡ. ವ್ಯಾಪಾರದ ಮಾತೆಲ್ಲ ತಮಿಳಿನಲ್ಲಿ ಆಡುತ್ತಿದ್ದ ಪೇಚ್ಚಿಯಮ್ಮಾಳಿಗೆ ಸಿಟ್ಟು ಮಾತ್ರ ಅಚ್ಚ ಕನ್ನಡದಲ್ಲಿ ಬರುತ್ತಿತ್ತು. ಬೈಸಿಕೊಂಡವನಿಗೆ ಒಂದಕ್ಷರ ತಿಳಿಯದಿದ್ದರೂ ಬಿಸಿ ತಟ್ಟುತ್ತಿತ್ತು. ಗಂಡ ತೀರಿಕೊಂಡ ಮೇಲೆ ಮೈದುನರ ಮನೆಯ ಮೂಲೆಯಲ್ಲಿ ಕೂತು ಕೂಳು ತಿನ್ನಲು ಒಪ್ಪದೆ, ಊರು ಬಿಟ್ಟು ಬಂದು ಒಲೆ ಹೂಡಿದ ಹೆಂಗಸು ಅವಳು. ಮೆತ್ತಗಿದ್ದಿದ್ದರೆ ಬಸ್ ನಿಲ್ದಾಣದ ಪಕ್ಕದ ಆ ಬೀದಿ ಅವಳನ್ನು ಹಸಿಹಸಿಯಾಗಿ ನುಂಗುತ್ತಿತ್ತು. ಅವಳ ಬಾಯಿ ಜೋರು ಎಂದು ಆಡಿಕೊಂಡವರು ಇದನ್ನು ಯೋಚಿಸಲಿಲ್ಲ.

ಅವಳಿಗಿದ್ದ ಒಬ್ಬನೇ ತಮ್ಮ ಲಕ್ಷ್ಮಣನ್. ಅವನು ಅಂಬೆಗಾಲಿಡುವಾಗಲೇ ತಾಯಿ ಜ್ವರದಲ್ಲಿ ಹೋದಳು. ಸಾಕಿದವಳು ಅಕ್ಕ. ಅಕ್ಕನಿಗೆ ಎಷ್ಟು ಬಾಯೋ ತಮ್ಮನಿಗೆ ಅಷ್ಟು ಮೌನ. ಮಂಡಪಂ ಕರಾವಳಿಯಲ್ಲಿ ಮೀನುಗಳ ವಿಷಯ ಓದುವವರ ಹತ್ತಿರ ಕೆಲವು ವರ್ಷ ತೊಟ್ಟಿ ತೊಳೆಯುತ್ತಿದ್ದು, ಸಮುದ್ರದ ಮೀನನ್ನು ಗಾಜಿನ ತೊಟ್ಟಿಯಲ್ಲಿ ಬದುಕಿಸಿಡುವ ಕೆಲಸ ಕಲಿತಿದ್ದ. ಆ ಕೆಲಸ ಕಣಿವೆಯಲ್ಲಿ ಯಾರಿಗೆ ಬೇಕು? ಬೇಕಾಯಿತು. ಅವರ ಸೋದರಮಾವ, ಗೂಡಲೂರಿನ ಆಂಡಿ, ಕುಮುಳಿ ಘಾಟಿಯಿಂದ ಏಲಕ್ಕಿ ಮೆಣಸು ಇಳಿಸಿ ಮಾರಿ ಬೆಳೆದವನು. ಪಳನಿಗೆ ಹೋಗುವ ಯಾತ್ರಿಕರು ತಂಗಲೆಂದು ದಿಂಡಿಗಲ್ಲಿನಲ್ಲಿ ಒಂದು ಲಾಡ್ಜು ಕಟ್ಟಿಸಿದ. ಮದರಾಸಿನಲ್ಲಿ ಯಾವುದೋ ವಸ್ತುಪ್ರದರ್ಶನಕ್ಕೆ ಹೋದವನು ಅಲ್ಲಿ ಸಮುದ್ರದ ಮೀನಿನ ತೊಟ್ಟಿ ನೋಡಿ ಬಂದು, ನನ್ನ ಲಾಡ್ಜಿನ ಮುಂದಿನ ಹಜಾರದಲ್ಲೂ ಅಂಥದ್ದೇ ಆಗಬೇಕು ಎಂದ. ಸಮುದ್ರವನ್ನೇ ಕಾಣದ ಜನ ಮೀನು ನೋಡಲು ಬಂದು ರೂಮು ಹಿಡಿಯುತ್ತಾರೆ ಎಂಬ ಲೆಕ್ಕಾಚಾರ. ಸೋದರಳಿಯನನ್ನು ಕರೆಸಿದ, ತೊಟ್ಟಿ ಕಟ್ಟಿಸಿದ, ಲಾರಿಯಲ್ಲಿ ಪೀಪಾಯಿಗಟ್ಟಲೆ ಸಮುದ್ರದ ನೀರು ತರಿಸಿದ. ಮಾವನೇ ತಮ್ಮನ ಕೈ ಹಿಡಿದನಲ್ಲ ಎಂದು ಪೇಚ್ಚಿಯಮ್ಮಾಳಿಗೆ ಆಗ ಹಿಗ್ಗೋ ಹಿಗ್ಗು.

ಆ ಹಿಗ್ಗು ಇಳಿದದ್ದು ಪಳನಿಯ ಪಂಗುನಿ ಉತ್ತಿರದ ಜಾತ್ರೆಯ ಮಾರನೆಯ ಮಧ್ಯಾಹ್ನ. ಬೆಳಿಗ್ಗೆ ಲಾಡ್ಜು ಗುಡಿಸಿ, ಮಧ್ಯಾಹ್ನ ಮೆಸ್ಸಿನಲ್ಲಿ ಹಿಟ್ಟು ರುಬ್ಬುತ್ತಿದ್ದ ಪಾಪಮ್ಮಾಳ್ ಹಿಂಬಾಗಿಲಿನಿಂದ ಬಂದವಳು ಒರಳಿನ ಮುಂದೆ ಕೂರದೆ ನಿಂತೇ ಇದ್ದಳು.

"ಅಕ್ಕಾ, ನಿನ್ ತಂಬೀನ ಆಂಡಿ ಮಾಮ ಹೊರಕ್ ತಳ್ಬಿಟ್ರು."

"ಏನಂದಿ?"

"ಮೀನೆಲ್ಲ ಸತ್ ಹೋದ್ವು. ಪಳನಿಗ್ ಬಂದ ಜನ ಮೂಗ್ ಮುಚ್ಕೊಂಡು ನಿಂತಿದ್ರು. ಅಷ್ಟ್ ಜನದ ಮುಂದೇನೇ, ನೀನು ತೂಕಡಿಸ್ಕೊಂಡು ಕೂತಿದ್ದಿ, ಕಂಡಾಬಟ್ಟೆ ತೀನಿ ಹಾಕ್ದಿ, ನನ್ ಮಾನ ಕಳ್ದಿ ಅಂತ ಬೈದ್ರು. ಕತ್ತಿಗ್ ಕೈ ಹಾಕಿ ತಳ್ಳಿದ್ರು ಅಕ್ಕಾ."

"ಇವನೇನಂದ?"

"ಏನೂ ಅನ್ಲಿಲ್ಲ. ನೆಲ ನೋಡ್ತಾ ನಿಂತಿದ್ದ."

ಪೇಚ್ಚಿಯಮ್ಮಾಳ್ ಸೌಟನ್ನು ನೆಲಕ್ಕೆ ಬಡಿದ ರಭಸಕ್ಕೆ ಹೊರಗೆ ಉಣ್ಣುತ್ತಿದ್ದವರು ತುತ್ತು ನಿಲ್ಲಿಸಿದರು. ಮೊದಲು ಮಾವನ ಮೇಲೆ, ಆಮೇಲೆ ಸತ್ತ ಮೀನುಗಳ ಮೇಲೆ, ಕಡೆಗೆ ನೆಲ ನೋಡುತ್ತಾ ನಿಂತ ತಮ್ಮನ ಮೇಲೆ ಅವಳ ಸಿಟ್ಟು ಹರಿಯಿತು. ತೂಕಡಿಸುವವನಾ ಲಕ್ಷ್ಮಣನ್? ಮೀನಿಗೆ ತೀನಿ ಹಾಕುವಾಗ ಚಿನ್ನ ತೂಗುವವನ ಹಾಗೆ ಚಿಟಿಕೆಯಲ್ಲಿ ಹಾಕುವವನು. ಅವನನ್ನು ಕತ್ತು ಹಿಡಿದು ತಳ್ಳಲು ಈ ಏಲಕ್ಕಿ ಮೂಟೆಯ ಆಸಾಮಿಗೆ ಎಷ್ಟು ಸೊಕ್ಕಿರಬೇಡ!

ಅಷ್ಟರಲ್ಲಿ ತಮ್ಮನೇ ಬಂದ. ಬಗಲಲ್ಲಿ ಹಾಸಿಗೆಯ ಸುರುಳಿ, ಕೈಯಲ್ಲಿ ನೀರು ತುಂಬಿದ ಡಬ್ಬ. ಡಬ್ಬದಲ್ಲಿ ಬದುಕುಳಿದಿದ್ದ ಎರಡೇ ಮೀನು, ಹೆಬ್ಬೆರಳಿನಷ್ಟುದ್ದ, ಕಿತ್ತಳೆ ಮೈಗೆ ಬಿಳಿ ಪಟ್ಟೆ. ಹಿಂದೆ ಕೈಗಾಡಿಯಲ್ಲಿ ಒಂದು ಸಣ್ಣ ಗಾಜಿನ ತೊಟ್ಟಿ, ಇನ್ನೂ ಮುಚ್ಚಳ ತೆಗೆಯದ ಎರಡು ಪೀಪಾಯಿ ಸಮುದ್ರದ ನೀರು, ತುಂಡು ಪಂಚೆಯಲ್ಲಿ ಸುತ್ತಿದ ಒಂದು ಉದ್ದ ಕೊಳವೆ. ನಿನ್ನ ಕಸ ನೀನೇ ಹೊತ್ತುಕೊಂಡು ಹೋಗು ಎಂದು ಮಾವ ಅಂದಿದ್ದನಂತೆ.

"ಏನಾಯ್ತೋ?"

"ಏನಿಲ್ಲ ಅಕ್ಕಾ."

"ಏನಿಲ್ಲವಾ? ಊರಿಗ್ ಊರೇ ನಗ್ತಾ ಇದೆ, ಇವನಿಗೆ ಏನಿಲ್ಲವಂತೆ! ನೀನ್ ತೂಕಡಿಸಿದ್ಯಾ?"

"ಇಲ್ಲ."

"ಮತ್ತ್ಯಾಕ್ ಸತ್ವು?"

ಅವನು ಡಬ್ಬದೊಳಗೆ ನೋಡಿದ. "ಇವನ್ನ ಉಳಿಸ್ಕೋಬೇಕು ಅಕ್ಕಾ. ಇವೂ ಸತ್ರೆ ಮಾಮ ಅಂದದ್ದೇ ನಿಜ ಅಂತಾರೆ. ಆಮೇಲೆ ಯಾರೂ ನನ್ ಕೈಗೆ ಒಂದ್ ಮೀನ್ ಕೊಡೋದಿಲ್ಲ. ನಂಗೆ ಬೇರೆ ಕೆಲಸ ಬರೋದಿಲ್ಲ."

ಆ ವರ್ಷ ಅಲ್ಲಿಯವರೆಗೆ ಅವನು ಆಡಿದ ಮಾತುಗಳಲ್ಲಿ ಅದೇ ಉದ್ದದ್ದು. ಮರುಕವನ್ನು ತೋರಿಸಿಕೊಳ್ಳುವ ಅಭ್ಯಾಸ ಪೇಚ್ಚಿಯಮ್ಮಾಳಿಗಿರಲಿಲ್ಲ. ಬೈಯುತ್ತಲೇ ಉಗ್ರಾಣದ ಈರುಳ್ಳಿ ಮೂಟೆ ಎಳೆದು ಮೂಲೆಗೆ ಹಾಕಿದಳು, ಬೈಯುತ್ತಲೇ ಹುಣಸೆಹಣ್ಣಿನ ಮಡಕೆಗಳನ್ನು ಸರಿಸಿದಳು, ಬೈಯುತ್ತಲೇ ಒಂದು ಗಟ್ಟಿ ಬೆಂಚು ತಂದು ಹಾಕಿದಳು. ಸಂಜೆಯ ಹೊತ್ತಿಗೆ ಅಲ್ಲಿ ತೊಟ್ಟಿ ಎದ್ದಿತ್ತು.

ಏರ್ಪಾಟು ಹೀಗಿತ್ತು. ಗಾಜಿನ ತೊಟ್ಟಿ ತುಂಬಿ ಉಕ್ಕಿದ ನೀರು ಒಂದು ಕೊಳಾಯಿಯಲ್ಲಿ ಕೆಳಗಿನ ಮರದ ಬಾನಿಗೆ ಇಳಿಯುತ್ತಿತ್ತು. ಬಾನಿಯಲ್ಲಿ ಅಡ್ಡ ಹಲಗೆ ಹಾಕಿ ಮೂರು ಕೋಣೆ ಮಾಡಿದ್ದ. ನೀರು ಬಂದು ಬೀಳುವ ಮೊದಲ ಕೋಣೆಯಲ್ಲಿ ಆ ಉದ್ದ ಕೊಳವೆ. ನಡುವಿನ ಕೋಣೆಯಲ್ಲಿ ಮರಳು, ಕಪ್ಪೆಚಿಪ್ಪಿನ ಚೂರು. ಕಡೆಯ ಕೋಣೆಯಲ್ಲಿ ಸೋಸಿ ಬಂದ ತಿಳಿನೀರು. ಅಲ್ಲಿಂದ ಒಂದು ಸಣ್ಣ ಕೊಳಾಯಿಯೊಳಗೆ ಗಾಳಿ ಊದಿ ಆ ನೀರನ್ನು ಮತ್ತೆ ಮೇಲಿನ ತೊಟ್ಟಿಗೆ ಏರಿಸುವುದು. ಟಿಫಿನ್ ಡಬ್ಬಿಯಷ್ಟು ದೊಡ್ಡ ಒಂದು ಗಾಳಿಪಂಪು ಗುಂಯ್ ಎಂದು ಇದೆಲ್ಲವನ್ನೂ ನಡೆಸುತ್ತಿತ್ತು.

ಉದ್ದ ಕೊಳವೆಯೇ ನೊರೆ ಕೊಳವೆ. ಅದರ ತಳದಲ್ಲಿ ಒಂದು ಮರದ ತುಂಡು, ಅದರ ಸಂದಿಗಳಿಂದ ಹಿಟ್ಟಿನಷ್ಟು ಸಣ್ಣ ಗುಳ್ಳೆಗಳು ಏಳುತ್ತಿದ್ದವು. ಮೀನಿನ ಹೇಲು, ಲೋಳೆ, ತಿಂದು ಉಳಿದದ್ದರ ಜಿಗುಟು ಎಲ್ಲ ಗುಳ್ಳೆಗೆ ಅಂಟಿಕೊಂಡು ಮೇಲೇರಿ, ತುದಿಯಲ್ಲಿದ್ದ ಬಟ್ಟಲಿಗೆ ಕಂದು ನೊರೆಯಾಗಿ ಬೀಳುತ್ತಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಬಟ್ಟಲ ತುಂಬ ಕಷಾಯದಂಥ ಕೊಳಕು. ತೊಟ್ಟಿಯ ನೀರೋ, ಗಾಜಿದೆಯೋ ನೀರಿದೆಯೋ ತಿಳಿಯದಷ್ಟು ತಿಳಿ. ಮೀನುಗಳೆರಡೂ ಲವಲವಿಕೆಯಿಂದ ಓಡಾಡುತ್ತಿದ್ದವು. ಊಟಕ್ಕೆ ಬಂದ ಲಾರಿ ಡ್ರೈವರುಗಳು ಕೈ ತೊಳೆಯುವ ನೆಪದಲ್ಲಿ ಉಗ್ರಾಣಕ್ಕೆ ಇಣುಕುತ್ತಿದ್ದರು. "ಎಂಜಲು ಕೈಯಲ್ಲಿ ಬರಬೇಡಿ" ಎಂದು ಪೇಚ್ಚಿಯಮ್ಮಾಳ್ ಗದರುತ್ತಿದ್ದಳು. ಒಳಗೊಳಗೆ ಮಾತ್ರ ಹೆಮ್ಮೆಯಿಂದ ಉಬ್ಬಿದ್ದಳು.

ಆ ಕೊಳಕಿನ ಬಟ್ಟಲು ಇದ್ದ ಜಾಗ ಮಾತ್ರ ಅವಳ ಕಣ್ಣಿಗೆ ಚುಚ್ಚುತ್ತಿತ್ತು.

ಕಾರಣವಿತ್ತು. ಅವಳ ಊರಿನಲ್ಲಿ ಕಾಲುವೆಗೆ, ಅವರ ಬಾಯಲ್ಲಿ ವಾಯ್ಕಾಲಿಗೆ, ತಲೆ ಇದೆ, ಕಡೆ ಇದೆ. ತಲೆಯಲ್ಲಿ ಕುಡಿಯುವ ನೀರಿನ ಕೊಡ. ಅದರ ಕೆಳಗೆ ಜನ ಮೀಯುವ ಕಲ್ಲು. ಅದರ ಕೆಳಗೆ ದನ. ಎಲ್ಲಕ್ಕಿಂತ ಕಡೆಗೆ ಮೈಲಿಗೆ ಬಟ್ಟೆ, ಬಾಣಂತಿಯ ಚಾಪೆ. ಇದನ್ನು ಯಾರೂ ಬರೆದಿಟ್ಟಿಲ್ಲ. ಬರೆದಿಡದಿದ್ದರೂ ತಲೆಯಲ್ಲಿ ಕಾಲು ತೊಳೆದವನ ಮನೆಗೆ ಆ ವರ್ಷ ಹೆಣ್ಣು ಕೊಡುವವರಿರುತ್ತಿರಲಿಲ್ಲ. ಮದುವೆಯಾಗಿ ಬಂದ ಸೊಸೆಗೆ ಅತ್ತೆ ಮೊದಲು ತೋರಿಸುವುದು ಒಲೆಯನ್ನಲ್ಲ, ಕಾಲುವೆಯಲ್ಲಿ ಯಾವ ಕಲ್ಲು ಯಾವುದಕ್ಕೆ ಎಂಬುದನ್ನು. ಪೇಚ್ಚಿಯಮ್ಮಾಳ್ ತನ್ನ ಮೆಸ್ಸಿನಲ್ಲೂ ಹಾಗೆಯೇ ನಡೆಸಿದ್ದಳು. ಕುಡಿಯುವ ನೀರಿನ ಹಂಡೆ ಮುಂಬಾಗಿಲಲ್ಲಿ, ಮುಸುರೆ ತೊಟ್ಟಿ ಹಿತ್ತಲ ಕಟ್ಟಕಡೆಯಲ್ಲಿ.

ಒಂದು ಬೆಳಿಗ್ಗೆ ಅವಳು ಸೊಂಟಕ್ಕೆ ಕೈಯಿಟ್ಟು ನಿಂತು ಕೇಳಿಯೇಬಿಟ್ಟಳು.

"ಇದ್ಯಾಕೋ ತಲೇಲಿ ಇಟ್ಟಿದ್ದಿ?"

"ಯಾವ್ದು?"

"ಈ ಕೊಳಕು ಬಟ್ಲು! ನೀರ್ ಬಂದು ಬೀಳೋ ಜಾಗದಲ್ಲೇ ಕೊಳಕು ಇಡ್ತಾರಾ? ವಾಯ್ಕಾಲ್ ತಲೇಲಿ ಮುಸುರೆ ತೊಳ್ದಂಗೆ! ಮಂಡಪಂಗೆ ಹೋಗಿ ಮೀನ್ ಕಲ್ತೆ, ಊರ್ ಮರ್ತೆ. ಕಡೇಲಿ ಇಡು. ಕೊಳಕಿದ್ದದ್ದು ಕಡೇಲಿರ್ಬೇಕು."

ಲಕ್ಷ್ಮಣನ್ ಬಾಯಿ ತೆರೆದ. ಅಕ್ಕನ ಮುಖ ನೋಡಿದ. ಬಾಯಿ ಮುಚ್ಚಿದ.

"ಶರಿ ಅಕ್ಕಾ" ಎಂದು ಕೊಳವೆಯನ್ನು ಬಿಚ್ಚಿ, ಮರಳು ದಾಟಿ, ಕಡೆಯ ಕೋಣೆಯಲ್ಲಿ ನಿಲ್ಲಿಸಿದ.

ಮೊದಮೊದಲು ಎಲ್ಲ ಚೆನ್ನಾಗಿಯೇ ಕಂಡಿತು. ಬಟ್ಟಲಲ್ಲಿ ನೊರೆ ಬೀಳುವುದು ಕಡಿಮೆಯಾಯಿತು, ಆಮೇಲೆ ಬೀಳುವುದೇ ನಿಂತಿತು. ಕಡೆಯ ಕೋಣೆಯಲ್ಲಿ ಬಿಸಿಲಿನ ಕಾವಿಗೆ ನೀರು ಆರಿ ಇಳಿಯುತ್ತಿತ್ತು, ಇಳಿದಷ್ಟೂ ನೊರೆ ಕೊಳವೆಯ ತುದಿಗೆ ಏರಲಾರದೆ ಅರ್ಧದಲ್ಲೇ ಕೂರುತ್ತಿತ್ತು. ಪೇಚ್ಚಿಯಮ್ಮಾಳ್ ಅದನ್ನು ನೋಡಿ, "ನೋಡಿದ್ಯಾ? ಇರೋ ಜಾಗದಲ್ಲಿ ಇಟ್ಟ ಮೇಲೆ ಕೊಳಕೇ ಬರ್ತಾ ಇಲ್ಲ" ಎಂದು ಬೀಗಿದಳು. ಬಟ್ಟಲಿಗೆ ಬೀಳದ ಕೊಳಕೆಲ್ಲ ಮರಳಿನ ಒಡಲಿಗೆ ಇಳಿದು ಕೊಳೆಯುತ್ತಿದೆ ಎಂದು ತಮ್ಮನಿಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದ! ಇದನ್ನು ಹೇಳುವಾಗ ನನಗೇ ಮೈ ಪರಚಿಕೊಳ್ಳುವಂತಾಗುತ್ತದೆ. ಅವನು ಮಾಡಿದ್ದು ಇಷ್ಟೇ, ಅಕ್ಕ ಇಲ್ಲದಾಗ ಮರಳನ್ನು ಕೈಯಲ್ಲಿ ತೊಳೆದು ತೊಳೆದು ಹಾಕುವುದು. ಅದು ಎಲ್ಲಿಗೆ ಸಾಲುತ್ತದೆ?

ಚಿತ್ತಿರೈ ತಿಂಗಳ ಬಿಸಿಲು ಬಲಿಯಿತು. ತೊಟ್ಟಿಯ ನೀರು ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗಿತು. ಉಗ್ರಾಣದ ಬಾಗಿಲು ತೆಗೆದರೆ ಮೋರಿಯ ತಳ ಕೆದಕಿದಂಥ ನಾತ. ಮೀನುಗಳು ಓಡಾಟ ಬಿಟ್ಟು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಪೇಚ್ಚಿಯಮ್ಮಾಳ್ ಎಲ್ಲರ ಮೇಲೂ ಹರಿಹಾಯ್ದಳು. ಕರೆಂಟು ಹೋಗಿ ಬರುತ್ತದೆಂದು ಕರೆಂಟಿನವರಿಗೆ ಬೈದಳು. ಒಣಮೆಣಸಿನಕಾಯಿ ಹುರಿದ ಘಾಟು ಮೀನಿಗೆ ಹೊಡೆಯಿತೆಂದು ಪಾಪಮ್ಮಾಳಿಗೆ ಬೈದಳು. ಡ್ರೈವರುಗಳ ಕಣ್ಣು ತಾಕಿತೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು.

ಒಂದು ಬೆಳಿಗ್ಗೆ ಎರಡರಲ್ಲಿ ಒಂದು ಮೀನು ತೇಲುತ್ತಿತ್ತು.

ಲಕ್ಷ್ಮಣನ್ ಅದನ್ನು ಅಂಗೈಯಲ್ಲಿಟ್ಟುಕೊಂಡು ಬೆಂಚಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದ. ಅಳುತ್ತಿರಲಿಲ್ಲ. ಅತ್ತಿದ್ದರೆ ಅಕ್ಕನಿಗೆ ಇನ್ನಷ್ಟು ಸಲೀಸಾಗುತ್ತಿತ್ತು. ಉಳಿದ ಇನ್ನೊಂದು ಮೀನು ಗಾಜಿಗೆ ಒರಗಿದ ಹಾಗೆ ನಿಂತು ಕಿವಿರು ಬಡಿಯುತ್ತಿತ್ತು.

ಮಧ್ಯಾಹ್ನದ ಅಡುಗೆಗೆಂದು ಅಂದು ಬೇಗ ಬಂದ ಪಾಪಮ್ಮಾಳ್ ಉಗ್ರಾಣದ ಬಾಗಿಲಲ್ಲಿ ನಿಂತು ಮೂಗಿಗೆ ಸೆರಗು ಹಿಡಿದಳು.

"ಅಕ್ಕಾ, ಲಾಡ್ಜಲ್ಲೂ ಇದೇ ನಾತ. ಕಂಡಿಪ್ಪಾ ಇದೇ, ಅನುಮಾನವೇ ಇಲ್ಲ. ಮಾಮ ಆ ಕೊಳವೆ ಜಾಗ ಬದ್ಲಾಯ್ಸು ಅಂದ್ ಮೇಲೇನೇ ಅಲ್ಲೂ ಶುರುವಾದ್ದು."

ಪೇಚ್ಚಿಯಮ್ಮಾಳ್ ಹಾಗೆಯೇ ತಿರುಗಿದಳು. "ಯಾವ್ ಕೊಳವೆ? ಎಲ್ಲಿಂದ ಎಲ್ಲಿಗೆ?"

"ಇದೇ ನೊರೆ ಕೊಳವೆ. ಮುಂದಿತ್ತಲ್ಲ, ಅದನ್ನ ಕಡೆಗೆ. ಕೊಳಕು ತಲೇಲಿ ಇಡಬಾರ್ದು, ನಮ್ ವಾಯ್ಕಾಲಲ್ಲಿ ಇಡ್ತಾರಾ ಅಂತ ಮಾಮ ಗದರಿದ್ರು. ನಾನಲ್ಲೇ ಗುಡಿಸ್ತಾ ಇದ್ದೆ."

"ಲಕ್ಷ್ಮಣಾ, ನಿಜವಾ?"

ಅವನು ತಲೆಯಾಡಿಸಿದ.

ಮಾವ ಆಡಿದ್ದ ಮಾತನ್ನೇ ಅಕ್ಷರ ಬಿಡದೆ ಪೇಚ್ಚಿಯಮ್ಮಾಳ್ ತಾನೂ ಆಡಿದ್ದಳು. ನಿಜದ ಆ ಅರ್ಧವನ್ನು ಅವಳು ಗಟಕ್ಕನೆ ನುಂಗಿಕೊಂಡಳು. ಇನ್ನರ್ಧ ಬೆಂಕಿಯಾಗಿ ಎದ್ದಿತು. ತಾನೇ ಜಾಗ ಬದಲಿಸಲು ಹೇಳಿ, ಮೀನು ಸತ್ತ ಮೇಲೆ ತನ್ನ ತಮ್ಮನ ಕತ್ತಿಗೆ ಕೈ ಹಾಕಿದನಲ್ಲ ಆ ಮನುಷ್ಯ!

"ಏಳು. ನಡಿ. ಈಗ್ಲೇ ನಡಿ."

"ಅಕ್ಕಾ, ಈ ಮೀನು..."

"ಮೀನ್ ಆಮೇಲೆ! ಮೊದ್ಲು ನಿನ್ ಮಾನ!" ಎಂದು ಅವನ ರಟ್ಟೆ ಹಿಡಿದು ಬೀದಿಗೆ ಎಳೆದಳು. ಸೊಂಟಕ್ಕೆ ಕಟ್ಟಿದ್ದ ಅಡುಗೆಯ ತುಂಡುಬಟ್ಟೆಯನ್ನೂ ಬಿಚ್ಚಲಿಲ್ಲ.

ಲಾಡ್ಜಿನ ಹಜಾರದಲ್ಲಿ ಆಂಡಿ ಮಾವ ಬೆತ್ತದ ಕುರ್ಚಿಯಲ್ಲಿ ಕೂತು ಎಲೆಯಡಿಕೆ ಜಗಿಯುತ್ತಿದ್ದ. ಹಿಂದೆ ಆ ದೊಡ್ಡ ಗಾಜಿನ ತೊಟ್ಟಿ ಒಣಗಿ ನಿಂತಿತ್ತು, ಅದರೊಳಗೆ ಯಾರೋ ಕಾಗದದ ಹೂ ತುಂಬಿದ್ದರು. ಪಳನಿಗೆ ಹೊರಟ ಒಂದಷ್ಟು ಜನ ಗಂಟು ಮೂಟೆಯೊಂದಿಗೆ ಕೂತಿದ್ದರು. ಅವರೆಲ್ಲ ಕೇಳಲೆಂದೇ ಪೇಚ್ಚಿಯಮ್ಮಾಳ್ ಬಾಗಿಲಿನಿಂದಲೇ ಶುರುಮಾಡಿದಳು.

"ಮಾಮಾ, ನೊರೆ ಕೊಳವೆ ಕಡೇಲಿ ಇಡು ಅಂದದ್ದು ನೀವಾ ಇವನಾ?"

ಮಾವ ಗಾಬರಿಯಾಗಲಿಲ್ಲ. ಪಕ್ಕದ ಹಿತ್ತಾಳೆ ಪಾತ್ರೆಗೆ ಉಗುಳಿ ನಿಧಾನವಾಗಿ ಬಾಯಿ ಒರೆಸಿಕೊಂಡ.

"ನಾನೇ ಅಂದೆ. ಯಾರಿಲ್ಲ ಅಂದ್ರು? ತಲೇಲಿ ಕೊಳಕು ಇಡೋ ಮನೇಲಿ ಹುಟ್ಟಿದೀವಾ ನಾವು? ನೀನಾದ್ರೂ ಇಡ್ತಿದ್ದ್ಯಾ?"

ತನಗೇ ತಾಕಿದ ಆ ಪ್ರಶ್ನೆಯನ್ನು ಮುಚ್ಚಲು ಅವಳು ಇನ್ನೂ ಜೋರಾಗಿ ಕೂಗಿದಳು. "ಅದಕ್ಕೇ ಮೀನ್ ಸತ್ವು! ನೀವ್ ಹೇಳಿದ್ದಕ್ಕೇ ಸತ್ವು! ಸಾಯ್ಸಿದ್ದು ನೀವು, ಕತ್ತು ಹಿಡಿಸ್ಕೊಂಡದ್ದು ಇವನು!"

"ಅಪ್ಪಡಿಯಾ, ಹಾಗಾ?" ಮಾವ ಲಕ್ಷ್ಮಣನ ಕಡೆ ತಿರುಗಿದ. ದನಿ ಬೆಣ್ಣೆಯಾಯಿತು. "ಏನಪ್ಪಾ, ಅಲ್ಲಿಟ್ರೆ ಮೀನ್ ಸಾಯ್ತದೆ ಅಂತ ನಿಂಗ್ ಗೊತ್ತಿತ್ತಾ? ಗೊತ್ತಿದ್ರೆ ಹೇಳ್ಬೇಕಿತ್ತಲ್ಲ? ಒಂದ್ ಮಾತು, ಮಾಮಾ ಇದು ತಪ್ಪು ಅಂತ, ಹೇಳಿದ್ಯಾ? ಇವ್ರೆಲ್ಲ ಇದಾರೆ, ಹೇಳು."

ಹಜಾರವೆಲ್ಲ ಅವನ ಬಾಯನ್ನೇ ನೋಡಿತು. ಹೇಳೋ, ಒಂದು ಮಾತು ಹೇಳೋ, ಎಂದು ಪೇಚ್ಚಿಯಮ್ಮಾಳ ಮೈಯೆಲ್ಲ ಕೂಗುತ್ತಿತ್ತು.

"ಇಲ್ಲ ಮಾಮಾ" ಅಂದ ಲಕ್ಷ್ಮಣನ್. "ತಪ್ಪು ನಂದೇ."

"ಕೇಳ್ಸ್ಕೊಂಡ್ಯಾ ಪೇಚ್ಚಿ?"

"ಹೇಳಿದ್ರೆ ನೀನ್ ಕೇಳ್ತಿದ್ದ್ಯಾ?" ಅವಳ ಬಾಯಿಂದ ಬಹುವಚನ ಉದುರಿಹೋಯಿತು. ಮಾವನನ್ನು ಹುಟ್ಟಿದಾಗಿನಿಂದ ಅವಳು ಏಕವಚನದಲ್ಲಿ ಕರೆದದ್ದಿಲ್ಲ. "ನಿನ್ ಎದುರಿಗೆ ಯಾರು ಬಾಯ್ ಬಿಟ್ಟಿದಾರೆ ಇವತ್ತಿನವರ್ಗೆ? ಹೆಂಡ್ತಿ ಬಿಟ್ಟಿದ್ದಾಳಾ, ಮಕ್ಳು ಬಿಟ್ಟಿದಾರಾ?"

"ನೀನ್ ಬಿಟ್ಟಿದೀಯಲ್ಲ ಈಗ" ಎಂದು ಮಾವ ನಕ್ಕ. "ಇವನ್ನ ಬಾಯಿಲ್ದಂಗೆ ಸಾಕಿದ್ದು ಯಾರು? ನಾನಾ? ಕಂಡ ಕಂಡ ಮದ್ವೇಲೆಲ್ಲ, ನನ್ ತಂಬಿ ದೊಡ್ಡೋರಿಗೆ ಎದುರು ಮಾತಾಡೋನಲ್ಲ ಅಂತ ಎದೆ ತಟ್ಕೊಂಡದ್ದು ಯಾರು? ಹೋಗ್ ತಾಯಿ, ನಿನ್ ಸಾರು ಸೀದ್ ಹೋದಾತು."

ಜನ ನಕ್ಕರು. ನಗಲೇಬೇಕಾದ ಹಾಗೆ ಹೇಳುವ ಕಲೆ ಆ ಮನುಷ್ಯನಿಗಿತ್ತು, ಏಲಕ್ಕಿ ಮಾರಿ ಬೆಳೆದದ್ದೇ ಆ ಕಲೆಯಿಂದ.

ದಾರಿಯುದ್ದಕ್ಕೂ ಪೇಚ್ಚಿಯಮ್ಮಾಳ್ ತಮ್ಮನನ್ನು ಉಗಿದಳು. ಬೀಗದ ಅಂಗಡಿಗಳ ಸಾಲಿನಲ್ಲಿ ಬಡಿಯುತ್ತಿದ್ದ ಸುತ್ತಿಗೆಗಳ ಸದ್ದನ್ನೂ ಮೀರಿ ಅವಳ ದನಿ ಕೇಳುತ್ತಿತ್ತು. ನಿನಗೆ ದೇವರು ನಾಲಿಗೆ ಯಾಕೆ ಕೊಟ್ಟ, ನೆಕ್ಕುವುದಕ್ಕಾ? ನಿನ್ನ ಪರವಾಗಿ ಹೋದ ನನ್ನ ಮುಖಕ್ಕೆ ಮಸಿ ಬಳಿದೆಯಲ್ಲ! ಅವನು ಎರಡು ಹೆಜ್ಜೆ ಹಿಂದೆ, ತಲೆ ತಗ್ಗಿಸಿ, ಬೇಗ ಬೇಗ ಬರುತ್ತಿದ್ದ. ಮಾವನ ಮಾತು ಅವಳ ಎದೆಯಲ್ಲಿ ಮುಳ್ಳು ಮುರಿದಂತೆ ಕೂತಿತ್ತು. ಅದು ಸುಳ್ಳಾಗಿದ್ದರೆ ಅಷ್ಟು ನೋಯುತ್ತಿರಲಿಲ್ಲ. ಹೌದು, ಮದುವೆಗಳಲ್ಲಿ ಹಾಗೆ ಹೇಳಿಕೊಂಡು ಮೆರೆದಿದ್ದಳು. ಹೌದು, ಚಿಕ್ಕವನಾಗಿದ್ದಾಗ ಅವನು 'ಅಲ್ಲ ಅಕ್ಕಾ' ಎಂದಾಗಲೆಲ್ಲ ಬಾಯಿಗೆ ಹೊಡೆದಿದ್ದಳು. ತಾಯಿಯಿಲ್ಲದ ಮಗು, ಎದುರು ಮಾತಾಡಿದರೆ ನೆಂಟರು ಒಂದು ಹೊತ್ತಿನ ಕೂಳು ಹಾಕುವುದಿಲ್ಲ ಎಂಬ ಭಯ ಅವಳಿಗೆ. ಆ ಭಯದಲ್ಲಿ ಅವನ ಪಾಲಿನ ಮಾತನ್ನೆಲ್ಲ ತಾನೇ ಆಡಿಕೊಂಡು ಬಂದಿದ್ದಳು. ಅವಳಿಗೆ ತನ್ನ ಮೇಲೆಯೇ ತಡೆಯಲಾರದ ಸಿಟ್ಟು ಬಂತು. ಬಂದ ಸಿಟ್ಟನ್ನು ಅಭ್ಯಾಸದಂತೆ ಅವನ ತಲೆಯ ಮೇಲೆಯೇ ಸುರಿದಳು.

ಮೆಸ್ಸಿಗೆ ಬಂದಾಗ ಊಟದ ಹೊತ್ತಾಗಿತ್ತು. ಜನ ಆಗಲೇ ಎಲೆಯ ಮುಂದೆ ಕೂತಿದ್ದರು. ಅಡುಗೆಮನೆಯಲ್ಲಿ ಪಾಪಮ್ಮಾಳ್ ಎಣ್ಣೆಯ ಬಾಣಲೆ ಇಳಿಸಲಾರದೆ ಒದ್ದಾಡುತ್ತಿದ್ದಳು. ಪೇಚ್ಚಿಯಮ್ಮಾಳ್ ಅದನ್ನು ದಡಕ್ಕನೆ ಇಳಿಸಿ, ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಾ ಉಗ್ರಾಣಕ್ಕೆ ನುಗ್ಗಿದಳು. ಉಳಿದಿದ್ದ ಮೀನು ತಳದಲ್ಲಿ ಒಂದು ಮಗ್ಗುಲಿಗೆ ವಾಲಿತ್ತು. ಕಿವಿರು ಆಡುತ್ತಿತ್ತು, ಅಷ್ಟೇ.

"ನೀನ್ ಮಾತಾಡ್ಬೇಡ, ಬದುಕಿರೋವರ್ಗೂ ಮಾತಾಡ್ಬೇಡ. ನಾನೇ ಮಾಡ್ತೀನಿ, ಎಲ್ಲಾ ನಾನೇ ಮಾಡ್ತೀನಿ" ಎಂದು ಅವಳು ಬಾನಿಯ ಮೇಲೆ ಬಗ್ಗಿ, ಕೊಳವೆಯನ್ನು ಕಡೆಯ ಕೋಣೆಯಿಂದ ಕಿತ್ತು ಮೊದಲ ಕೋಣೆಗೆ ಹಾಕಲು ಎರಡೂ ಕೈ ಚಾಚಿದಳು.

"ಕೈ ತೆಗಿ!"

ಅವಳು ಬೆಚ್ಚಿದಳು. ಯಾರು ಕೂಗಿದ್ದೆಂದು ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿ ತಮ್ಮ ಬಿಟ್ಟರೆ ಯಾರೂ ಇರಲಿಲ್ಲ.

"ಕೈ ತೆಗಿ ಅಂದೆ! ಎಣ್ಣೆ ಕೈ! ಎಣ್ಣೆ ತಾಕಿದ್ರೆ ನೊರೆ ಏಳೋದಿಲ್ಲ, ಇದೊಂದೂ ಸಾಯ್ತದೆ. ಸರಿ ಆ ಕಡೆ!"

ಅವಳು ಸರಿದಳು. ಅವನು ಮೊಣಕೈವರೆಗೆ ಕೈ ತೊಳೆದು ಬಂದು ಕೊಳವೆ ಬಿಚ್ಚಿದ. ನಾತ ಹೊಡೆಯುವ ಮರಳನ್ನು ಬಕೆಟ್ಟಿಗೆ ಬಾಚಿ ಹಾಕಿದ. ಕೈ ಕೆಲಸ ಮಾಡುತ್ತಿದ್ದರೆ ಬಾಯಿ ನಿಲ್ಲಲೇ ಇಲ್ಲ.

"ನೀನ್ ಹೇಳಿದ್ದು ತಪ್ಪು. ಮಾಮ ಹೇಳಿದ್ದೂ ತಪ್ಪು. ಇಬ್ರೂ ವಾಯ್ಕಾಲು ವಾಯ್ಕಾಲು ಅಂತೀರಿ. ವಾಯ್ಕಾಲು ಹರ್ದು ಹೋಗ್ತದೆ, ಕಡೇಲಿ ಹಾಕಿದ್ ಕೊಳಕು ಯಾರ್ದೋ ಹೊಲಕ್ ಹೋಗ್ತದೆ. ಇದು ಎಲ್ಲಿಗ್ ಹೋಗ್ತದೆ? ಸುತ್ತಿ ಸುತ್ತಿ ಇದೇ ಮೀನಿನ್ ಬಾಯಿಗೇ ಬರ್ತದೆ. ಇದಕ್ಕೆ ಕಡೆ ಅನ್ನೋದೇ ಇಲ್ಲ ಅಕ್ಕಾ! ಮೀನ್ ಹತ್ರದಿಂದ ಬಂದ ತಕ್ಷಣ, ಮರಳಿಗೆ ಇಳಿಯೋಕ್ ಮುಂಚೆ, ನೀರು ಏರದೆ ಇಳಿಯದೆ ನಿಂತಿರೋ ಜಾಗದಲ್ಲಿ ಎತ್ತಿ ಹೊರಕ್ ಹಾಕ್ಬೇಕು. ಅದಕ್ಕೇ ತಲೇಲಿ!"

"ನಿಂಗೆ ಮೊದ್ಲೇ ಗೊತ್ತಿತ್ತೇನೋ?"

"ಗೊತ್ತಿತ್ತು. ಅಲ್ಲೂ ಗೊತ್ತಿತ್ತು, ಇಲ್ಲೂ ಗೊತ್ತಿತ್ತು."

"ಮತ್ತ್ಯಾಕೋ ಪಾಪಿ..."

"ನೀನ್ ಬಾಯ್ ಮುಚ್ಚು! ನಾನ್ ಮಾತಾಡ್ತಾ ಇದೀನಿ. ಯಾವತ್ತಾದ್ರೂ ಒಂದ್ ಮಾತು ಮುಗಿಸೋಕ್ ಬಿಟ್ಟಿದೀಯಾ ನನ್ನ? ನನ್ ಕೈ ಹಿಡಿದು ಎಳ್ಕೊಂಡ್ ಹೋದ್ಯಲ್ಲ, ನಾನ್ ಮೀನು ಅಂದೆ, ನೀನ್ ಆಮೇಲೆ ಅಂದೆ. ಆ ಹೊತ್ನಲ್ಲಿ ಇದನ್ನ ಸರಿ ಮಾಡಿದ್ರೆ ಇಷ್ಟೊತ್ತಿಗೆ ಇದು ಎದ್ದು ಓಡಾಡ್ತಿತ್ತು! ಮಾನ ಅಂತೆ ಮಾನ!"

ಮುಖ ಕೆಂಪೇರಿತ್ತು, ಕತ್ತಿನ ನರ ಉಬ್ಬಿತ್ತು. ಅವನ ಸಿಟ್ಟಿನ ಮುಖವನ್ನು ಪೇಚ್ಚಿಯಮ್ಮಾಳ್ ಅಲ್ಲಿಯವರೆಗೆ ಕಂಡಿರಲಿಲ್ಲ. ಥೇಟ್ ಅಮ್ಮನದೇ ಮುಖ. ಆ ಮೀನು ಆಮೇಲೆ ಬದುಕಿತು, ಬಹಳ ಕಾಲ ಬದುಕಿತು. ಆ ಗಳಿಗೆಯಲ್ಲಿ ಮಾತ್ರ ಅದು ಇಬ್ಬರಿಗೂ ಗೊತ್ತಿರಲಿಲ್ಲ. ಅವಳು ಎಣ್ಣೆಯ ಕೈಗಳನ್ನು ಏನನ್ನೂ ಮುಟ್ಟದ ಹಾಗೆ ಮುಂದೆ ಹಿಡಿದುಕೊಂಡು, ಬೈಸಿಕೊಳ್ಳುತ್ತಾ ನಿಂತಿದ್ದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಹೊರಗೆ ಯಾರೋ ಎಲೆ ತಟ್ಟಿ ಅನ್ನಕ್ಕಾಗಿ ತಮಿಳಿನಲ್ಲಿ ಕೂಗಿದರು. "ಅಕ್ಕಾ, ಚೋರು! ಎಷ್ಟು ಹೊತ್ತು ಕೂರೋದು?"

ಪೇಚ್ಚಿಯಮ್ಮಾಳ್ ಬಾಗಿಲ ಕಡೆಗೆ ಕತ್ತು ಮಾತ್ರ ತಿರುಗಿಸಿದಳು.

"ಕೂತ್ಕೊಳ್ರೋ ಸುಮ್ನೆ!" ಎಂದು ಬೀದಿಗೆಲ್ಲ ಕೇಳುವಂತೆ ಗದರಿದಳು. "ನನ್ ತಂಬಿ ನನ್ನ ಬೈತಾ ಇದಾನೆ. ಮುಗಿಸ್ಲಿ."